ಸೆಲ್ಲೊಟೇಪ್ ಅಂಟಿಸಿದ ಕ್ಯಾಸೆಟ್ಟು

ಮಾರ್ಚ್ 8, 2008. ಟೂಂಗಾಬಿ

ಶನಿವಾರ. ಬಟ್ಟೆ ಒಣಹಾಕಿದೆ. ಸಾರಿಗೆ ಬೇಳೆ ಇಟ್ಟೆ. ಮೆಲ್ಬರ್ನ್‌ನಿಂದ ಸಂಜು ಫೋನ್. ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿದ್ದಾನೆ. ಇಪ್ಪತ್ತೆರಡಕ್ಕೆ ಗೃಹಪ್ರವೇಶ.

"ನೀ ಬರ್ಲಿಲ್ಲಂದ್ರ ಹಾಲು ಉಕ್ಕೂದಿಲ್ಲ ನೋಡಲೇ ಮೂರ್ತಿ."

"ಎಲೆಕ್ಟ್ರಿಕ್ ಒಲೆ ತಾನೆ? ನಾನು ಬಂದ್ರೂ ಕಷ್ಟಾನೇ."

ನಕ್ಕ. ಆಮೇಲೆ ದನಿ ತಗ್ಗಿಸಿ: "ಗೋಪಾಲಗ ನೀನ ಹೇಳಪಾ. ನಾ ಮಾಡಿದ್ರ ಫೋನ್ ಇಡ್ತಾನ. ಐದು ವರ್ಷ ಆತು... ಆ ಕ್ಯಾಸೆಟ್ ನಾ ಒಯ್ದಿಲ್ಲೋ."

ಗೊತ್ತು, ಅಂದೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಿರುವುದು ನನ್ನ ಸೂಟ್‌ಕೇಸಿನಲ್ಲಿ.

ಮಾರ್ಚ್ 9

ನಿದ್ದೆ ಸರಿಯಾಗಿಲ್ಲ. ಬರೆದೇ ಬಿಡುತ್ತೇನೆ.

2003. ನಾನು, ಸಂಜು, ಗೋಪಾಲ — ಮೂವರಿಗೆ ಒಂದು ಬಾಡಿಗೆ ಮನೆ, ಒಂದು ವಿಸಿಆರ್. ಗೋಪಾಲನ ಹತ್ತಿರ ತಂಗಿಯ ಮದುವೆಯ ಕ್ಯಾಸೆಟ್ಟಿತ್ತು. ಮದುವೆಯಾದ ಎರಡೇ ತಿಂಗಳಿಗೆ ಅವನಪ್ಪ ಹೋದರು. ಅವರು ಓಡಾಡುವುದು ಅದರಲ್ಲಿ ಮಾತ್ರ, ಬೇರೆ ಪ್ರತಿಯಿಲ್ಲ. ಯಾರೂ ಅಳಿಸಬಾರದೆಂದು ಅಂಚಿನ ಪ್ಲಾಸ್ಟಿಕ್ ಚೂರು ಮುರಿದಿಟ್ಟಿದ್ದ.

ಒಂದು ಶನಿವಾರ ಮಧ್ಯಾಹ್ನ ಟೀವಿಯಲ್ಲಿ ಕಪ್ಪುಬಿಳುಪು ಸಿನಿಮಾ. ಯುದ್ಧಕಾಲ, ಕಳ್ಳತನ ಬಿಟ್ಟವನೊಬ್ಬ ಕೊಲೆಗಾರನನ್ನು ಹುಡುಕುವ ಕಥೆ. ನನಗೆ ಶಿಫ್ಟ್ ಇತ್ತು. ಹೆಸರು ಬರೆಯದ ಕ್ಯಾಸೆಟ್ಟೊಂದು ಕೈಗೆ ಸಿಕ್ಕಿತು — ಹಳೇ ಕ್ರಿಕೆಟ್ ಅಂದುಕೊಂಡೆ. ಅಂಚಿನ ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ; ಸೆಲ್ಲೊಟೇಪ್ ಅಂಟಿಸಿ, ಸಿನಿಮಾ ಮುಗಿದಾಗ ನಿಲ್ಲುವಂತೆ ಟೈಮರ್ ಇಟ್ಟು ರೆಕಾರ್ಡಿಗೆ ಹಾಕಿ ಹೋದೆ. ಒಂದು ಟೇಪು ಇನ್ನೊಂದು ಟೇಪನ್ನು ಕೊಂದಿತು.

ಸಂಜೆ ಗೋಪಾಲ ಹುಡುಕತೊಡಗಿದಾಗಲೇ ತಿಳಿದದ್ದು. ಬಚ್ಚಿಟ್ಟೆ. ಅಂದೇ ಬೆಳಿಗ್ಗೆ ಸಂಜು ಗಂಟುಮೂಟೆ ಕಟ್ಟಿ ಮೆಲ್ಬರ್ನ್‌ಗೆ ಹೋಗಿದ್ದ. ಅನುಮಾನಕ್ಕೆ ಅಷ್ಟು ಸಾಕಾಯಿತು. ನಾನೂ ಹುಡುಕಿದೆ. ಸೋಫಾದಡಿ ಬಗ್ಗಿ, ಟಾರ್ಚ್ ಹಿಡಿದು...

ಮಾರ್ಚ್ 15

ಪಕ್ಕದ ಮನೆಯ ಚನ್ನಬಸಯ್ಯ ಅಂಕಲ್ ಗ್ಯಾರೇಜಿನಿಂದ ಹಳೇ ವಿಸಿಆರ್ ತಂದೆ. ಐದು ವರ್ಷದಲ್ಲಿ ಆ ಕ್ಯಾಸೆಟ್ಟು ಹಾಕಿದ್ದು ಇದೇ ಮೊದಲು.

ಸಿನಿಮಾದವನು ಕಳ್ಳನಾಗಿದ್ದು ಪತ್ತೇದಾರನಾದ. ನಾನು ಪತ್ತೆಯಾಗದ ಕಳ್ಳ.

ಸಿನಿಮಾ ಮುಗಿಯಿತು. ಆರಿಸಲು ಎದ್ದೆ. ಪರದೆ ಮಿಣುಗುಟ್ಟಿತು — ನಾದಸ್ವರ. ಊಟದ ಪಂಕ್ತಿ. ಬಿಳಿ ಪಂಚೆಯಲ್ಲಿ ಗೋಪಾಲನ ಅಪ್ಪ, ಕೈಯಲ್ಲಿ ಲಾಡಿನ ತಟ್ಟೆ. ಕ್ಯಾಮೆರಾದವನಿಗೆ, "ನೀನೂ ಕೂತ್ಕೊಳಪ್ಪ, ಎಷ್ಟೊತ್ತು ನಿಂತಿರ್ತೀಯ?"

ಹನ್ನೊಂದು ನಿಮಿಷ ಉಳಿದಿದೆ. ಹೆದರದೆ ಅಂದೇ ಹಾಕಿ ನೋಡಿದ್ದರೆ...

ಮಾರ್ಚ್ 16, ಬೆಳಿಗ್ಗೆ 10

ಪ್ಯಾರಮಟ್ಟಾ. ಗೋಪಾಲನ ಫ್ಲ್ಯಾಟಿನೆದುರು ಬೆಂಚು. ಸೆಲ್ಲೊಟೇಪ್ ಕಿತ್ತಿಲ್ಲ, ಸಾಕ್ಷಿ. ಒಂದೂ ಜೋಕು ಹೊಳೆಯುತ್ತಿಲ್ಲ.

ಬಾಲ್ಕನಿಯಿಂದ ಕೂಗಿದ: "ಅಲ್ಲೇ ಕೂತು ಏನೋ ಬರೀತಿದ್ದೀಯ? ಬಾ, ಇಡ್ಲಿ ಇದೆ. ಕೈಯಲ್ಲೇನದು?"

ಎತ್ತಿ ತೋರಿಸಿದೆ. ಅವನ ನಗು ನಿಂತಿತು. ಇಳಿದು ಬರುತ್ತಿದ್ದಾನೆ. ಮೊದಲು ಸಂಜು ಒಯ್ದಿಲ್ಲ ಅನ್ನಬೇಕು, ಆಮೇಲೆ ನನ್ನ ಹೆಸರು...