ಕರುಳಿನ ಉರಿ

ಗೊರೂರು,
ಭಾನುವಾರ

ಪ್ರೀತಿಯ ಜಯಕ್ಕ,

ನಿಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ನಾನು ಬರಲಿಲ್ಲವೆಂದು ಭಾವ ಮುನಿಸಿಕೊಂಡಿದ್ದಾರಂತೆ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಕರುಳಿನಲ್ಲಿ ಉರಿಯೂತವಾಗಿ ಭೇದಿಯಲ್ಲಿ ರಕ್ತ ಹೋಗುತ್ತಿತ್ತು, ಬಸ್ಸು ಹತ್ತಲೂ ಹೆದರಿಕೆ. ಯಾರಿಗೂ ಹೇಳಲಾಗದೆ ಕ್ವಾರ್ಟರ್ಸಿನಲ್ಲೇ ಉಳಿದೆ.

ಹಾಸನದ ಡಾಕ್ಟರು ಮಾತ್ರೆಯ ಜೊತೆ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪುಡಿಯನ್ನೂ ಕೊಟ್ಟರು. "ಇವು ಒಳಗೆ ಕೊಬ್ಬಿನಾಮ್ಲ ತಯಾರಿಸ್ತವೆ, ಅದು ಉರಿಯೂತ ತಗ್ಗಿಸ್ಬೋದು. ಮಾತ್ರೆ ಮಾತ್ರ ಬಿಡ್ಬೇಡಿ" ಎಂದರು. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದೂ ಕೇಳಿದರು.

"ಸದ್ಯಕ್ಕೆ ಈ ಬ್ಯಾಕ್ಟೀರಿಯಾಗಳೇ ಸಾ" ಎಂದೆ. ಅವರು ನಗಲಿಲ್ಲ.

ಈಗ ರಕ್ತ ನಿಂತಿದೆ. ನಿನ್ನ ಮಗಳು ಧನ್ಯಾಳ ಮದುವೆಗೆ ಕೊಣನೂರಿಗೆ ಬರುತ್ತೇನೆ. ಊಟಕ್ಕೆ ಬಾಗಿಲ ಬಳಿ ನನಗೊಂದು ಎಲೆ ಹಾಕಿಸು. ನಡುವೆ ಎದ್ದು ಹೋದರೆ ಯಾಕೆಂದು ಕೇಳಬೇಡ. ಎಷ್ಟೇ ಗಡಿಬಿಡಿಯಿದ್ದರೂ ಪಕ್ಕದ ಎಲೆಗೆ ನೀನೇ ಕೂತುಕೋ. ಯಾರ ಜೊತೆಯಾದರೂ ಕೂತು ಉಂಡು ಬಹಳ ಕಾಲವಾಯಿತು.

ನಿನ್ನ ತಮ್ಮ,
ಶಶಿಕುಮಾರ್