ಎರೆಭೂತಕ್ಕೆ ನಾನೂ ಸಾಕ್ಷಿ

ರಾಂಪುರ
೩೦ ಸೆಪ್ಟೆಂಬರ್ ೧೯೦೮

ಚಿ|| ಸೌ|| ಚಿನ್ನಕ್ಕನಿಗೆ,

ಹೆಸರಿನ ಕೊನೆಯ 'ಅಕ್ಕ'ನನ್ನು ಬಿಟ್ಟು ಬರೀ 'ಚಿನ್ನ' ಎಂದು ಬರೆಯೋಣವೆಂದಿದ್ದೆ. ಕಾಗದ ಮಾವನವರ ಕೈದಾಟಿ ಬರುವುದರಿಂದ ಅಕ್ಕನನ್ನು ಕಾವಲಿಗೆ ನಿಲ್ಲಿಸಿದ್ದೇನೆ.

ನೀನು ಕೊಂಡ್ಲಹಳ್ಳಿಗೆ ಹೋಗಿ ಹತ್ತೊಂಬತ್ತು ದಿನ. ತವರಿಗೆ ಹಬ್ಬಕ್ಕೆ ಹೋಗಿದ್ದಾಳೆಂದು ಊರಿಗೆಲ್ಲ ಹೇಳಿದ್ದೇನೆ. ನಿಜ ನಮ್ಮಿಬ್ಬರಿಗೆ ಗೊತ್ತು. ಪಕ್ಕದ ಮನೆಯ ಹೊನ್ನಕ್ಕನ ಸಂಗಡ ಹೆಸರುಕಾಯಿ ಬಿಡಿಸಲು ಹೋಗಿ ಬಂದ ನೀನು, "ಹೊಲದಾಗೆ ಎರೆಭೂತ ನೋಡಿದೆ ಕಣ್ರೀ" ಎಂದೆ. ಚಳ್ಳಕೆರೆಯಲ್ಲಿ ಹುಟ್ಟಿ ಕಾಲೇಜಿನಲ್ಲಿ ಬೆಳೆದ ನನಗೆ ಗೊತ್ತಿದ್ದ ಭೂತಗಳು ಎರಡೇ: ಪಂಚಭೂತ, ಭೂತಕಾಲ. ನಾಲ್ವರು ಸ್ನೇಹಿತರ ಮುಂದೆ, "ಭೂತಕ್ಕೆ ಕಾಲವುಂಟೆಂದು ಓದಿದ್ದೆ, ಕಾಲೂ ಇತ್ತೇ?" ಎಂದು ನಕ್ಕೆ. ನೀನು ಒಳಗೆ ಹೋದೆ. ಮರುದಿನವೇ ಗಾಡಿ ಹತ್ತಿದೆ.

ಭಾನುವಾರ ಬೆಳಿಗ್ಗೆ ಹೊನ್ನಕ್ಕನನ್ನು ಕಾಡಿ ಹೊಲಕ್ಕೆ ಹೊರಟೆ. ಮಳೆ ಹೊಳವಾಗಿ ಬದುವಿನ ತಂಗಡಿ ಗಿಡವೆಲ್ಲ ಹಳದಿ ಹೂ. ಎರೆಮಣ್ಣು ಹೆಜ್ಜೆಹೆಜ್ಜೆಗೂ ನನ್ನ ಜೋಡು ಹಿಡಿದು, ಇನ್ನೂ ಸ್ವಲ್ಪ ಇರಿ ಎಂದು ಉಪಚಾರ ಮಾಡುತ್ತಿತ್ತು. ಗೌಜಲಹಕ್ಕಿ ಭರ್ರೆಂದು ಎದ್ದಾಗ, ಇದೇನಾ ಎಂದೆ.

"ಇದು ಭೂತದ ಮರಿಮಗಳೂ ಅಲ್ಲ! ಬಗ್ರೀ, ಜಂಬುಲಿಂಗಪ್ಪ ಮೇಷ್ಟ್ರೇ! ನಿಮ್ಮ ಬಿಳಿ ಪೇಟ ಕಂಡು, ಇನ್ನೊಂದು ಗಂಡು ಬಂತು ಅಂತ ಭೂತ ಜಗಳಕ್ಕೆ ಬಂದಾತು" ಎಂದಳು.

ಆಮೇಲೆ ಕಂಡೆ. ಮೂರನೇ ತರಗತಿಯ ಹುಡುಗನಷ್ಟು ಎತ್ತರದ ಹಕ್ಕಿ! ಕರಿ ಟೋಪಿ, ಕಂದು ಕೋಟು, ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ನಡಿಗೆ. ಕೊರಳ ಚೀಲ ಊದಿ ಬಿಳಿ ಗಡ್ಡದಂತೆ ಜೋತುಬಿತ್ತು. ಬಾವಿಯೊಳಗಿಂದ ಬಂದ ಹಾಗೆ 'ಹೂಂ' ಎಂದಿತು. ಯಾರಿಗೆ ಹೂಂಗುಡುತ್ತದೆ ಎಂದು ಕೇಳಿದೆ.

"ಹೆಣ್ಣಿಗೆ. ಆಕಡೆ ಹುಲ್ನಾಗೆ ಐತೆ. ಅದು ಬರೋಗಂಟ ಹಿಂಗೇ ಅಂತಿರ್ತೈತೆ."

ಅದು ಏನು ತಿನ್ನುತ್ತದೆ? ಮೊಟ್ಟೆ ಎಲ್ಲಿಡುತ್ತದೆ? ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ? ನನ್ನ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಅಂದು ನೀನು ಹೇಳಹೊರಟಿದ್ದೆ, ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ನನ್ನ ನಗು ಭೂತಕಾಲಕ್ಕೆ ಸಂದಿತು. 'ಬರು' ಧಾತುವಿನ ಭವಿಷ್ಯತ್ ರೂಪ ನಿನ್ನ ಕೈಯಲ್ಲಿದೆ. ಗಾಡಿ ತರಲೇ? ಹೂಂ?

ಇಂತಿ, ಜಂಬ ಕಳೆದು ಉಳಿದ
ನಿನ್ನ ಲಿಂಗಪ್ಪ

ತಾ.ಕ.: 'ಕಂಡೆ' ಎಂದು ಬರೆದೆನೇ ಹೊರತು ಮುಂದಿನದನ್ನು ಬರೆಯಲಿಲ್ಲ. ಹಕ್ಕಿ ನನ್ನ ಕಡೆಗೆ ನಾಲ್ಕು ಹೆಜ್ಜೆ ಇಟ್ಟಿತು. ನಾನು "ಅವ್ವಾ, ಭೂತ!" ಎಂದು ಕೂಗಿ ಓಡಿದೆ. ಪೇಟ ಹೊಲದಲ್ಲೇ ಉಳಿಯಿತು. ಹೊನ್ನಕ್ಕ ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. "ಚಿನ್ನಕ್ಕ ಬರ್ಲಿ, ಅವಳೇ ಹೇಳ್ಲಿ" ಎಂದು ಬಾಯಿ ಬಿಗಿಹಿಡಿದಿದ್ದಾಳೆ. ಆ ನಾಲ್ವರನ್ನೇ ಊಟಕ್ಕೆ ಕರೆಯುತ್ತೇನೆ. ಅವರ ಮುಂದೆ ಕೇಳು, ಭೂತಕ್ಕೆ ಕಾಲಿತ್ತೇ ಎಂದು. ಅದಕ್ಕೆ ಎರಡೇ. ಓಡುವ ಹೊತ್ತಿಗೆ ನನಗೆ ನಾಲ್ಕು.