ದೀಪದ ಗಾಜಿನ ಮಸಿ

ಲೋ ಗುಂಡಾ,

ಎದ್ದವನೇ ಕಂಪ್ಯೂಟರ್ ಮುಂದೆ ಕೂರು, ಮುಖ ಆಮೇಲೆ ತೊಳ್ಕೊ. ಆಟದಲ್ಲಿ ನಮ್ಮ ಹಳೇ ಮನೆ ಥರಾನೇ ನಾವು ಕಟ್ಟಿದ ಮನೆಯ ದೀಪಕ್ಕೆ ಫಳಫಳ ಹೊಳೆಯೋ ಹೊಸ ಗಾಜು ಹಾಕಿದ್ದೀಯಲ್ಲ, ಮಸಿ ಯಾಕೋ ಅಳಿಸಿದೆ? ಅಮ್ಮನಿಗೆ ಗೋಡೆ, ಕಿಟಕಿ ಒಂದೂ ನೆನಪಿಲ್ಲ. ಪರದೆ ಮೇಲೆ ಆ ಮಸಿ ಕಂಡರೆ ಮಾತ್ರ ‘ಮನೆಗೆ ಬಂದೆ’ ಅಂತ ಊಟಕ್ಕೆ ಕೂರೋದು. ನಿನ್ನೆಯಿಂದ ಒಂದು ತುತ್ತೂ ಮುಟ್ಟಿಲ್ಲ; ಚಪ್ಪಲಿ ಮೆಟ್ಟಿಕೊಂಡು ಮುಂಬಾಗಿಲಲ್ಲೇ ನಿಂತಿದ್ದಾಳೆ.

ಆಟದಲ್ಲಿ ನಾನೇ ಮಸಿ ಬಳಿದು ನೋಡಿದೆ. ಗಾಜೆಲ್ಲ ಕಪ್ಪಾಗಿ ಬೆಳಕೇ ಹೊರಗೆ ಬರ್ತಿಲ್ಲ. ಮಸಿ ಎಡಗಡೆ ಮೇಲೆ ಮಾತ್ರ ಇರಲಿ, ಉಳಿದ ಗಾಜಿನೊಳಗಿಂದ ಬತ್ತಿ ಕಾಣಬೇಕು.

ಡ್ಯೂಟಿಗೆ ಹಿತ್ತಿಲ ಬಾಗಿಲಿಂದ ಹೋಗ್ತಿದ್ದೀನಿ. ನನ್ನನ್ನ ಕಂಡರೆ ಅಮ್ಮ ಹಿಂದೆಯೇ ಬರ್ತಾಳೆ. ದಮ್ಮಯ್ಯ ಅಂತೀನಿ, ಬೇಗ ಮಾಡೋ. ಬೆಳಿಗ್ಗೆ ನನ್ನ ಕೈ ಹಿಡಿದು ಕೇಳಿದಳು: ‘ನಿಮಗೆ ಪುಣ್ಯ ಬರುತ್ತೆ, ನನ್ನನ್ನ ಮನೆಗೆ ಬಿಡಿ. ಮಗಳು ಕಾಯ್ತಿರ್ತಾಳೆ.’

ಅಕ್ಕ